ಮೀಟುವ ಕೈ ಮುನಿದಾಗ

“ಹಾಡುತ್ತ ಹಾಡುತ್ತ ರಾಗ, ನರಳುತ್ತ ನರಳುತ್ತ ರೋಗ” ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಉಪಾಧ್ಯಾಯ ವೃತ್ತಿಯಲ್ಲಿರುವ ನಾವು ಈ ಗಾದೆಯ ಮೊದಲನೆಯ ಅರ್ಧವನ್ನೇ ಹೆಚ್ಚಾಗಿ ನೆಚ್ಚಿಕೊಂಡವರು. ಲೆಕ್ಕ ಬಾರದವನಿಗೆ ಇನ್ನೂ ಹತ್ತು ಲೆಕ್ಕ, ಅಕ್ಷರ ಕೆಟ್ಟವನಿಗೆ ಇನ್ನೂ ಹತ್ತು ಪುಟ ಕಾಪಿ. ಇದೇ ನಮ್ಮ ಔಷಧಿ. ಬಹುಮಟ್ಟಿಗೆ ಈ ಔಷಧಿ ಗುಣವನ್ನೇ ಮಾಡುತ್ತದೆ. ಆದರೆ ಎಲ್ಲ ಕಾಲದಲ್ಲಿಯೂ, ಎಲ್ಲ ಕೈಗಳಿಗೂ ಅದು ಸಲ್ಲುವುದಿಲ್ಲವೆಂಬುದನ್ನು ನಾವು ತಡವಾಗಿ ಕಲಿತೆವು.

ಕೆಲವು ವರ್ಷಗಳ ಕೆಳಗೆ ಎಂಟನೆಯ ತರಗತಿಯ ವಿದ್ಯಾರ್ಥಿಯೊಬ್ಬನಿಗೆ ಹತ್ತು ಪುಟ ಕಾಪಿ ಬರೆದು ತರಬೇಕೆಂದು ವಿಧಿಸಿದ್ದೆವು. ಹುಡುಗನು ಓದಿನಲ್ಲಿ ಚುರುಕು. ಅಕ್ಷರ ಮಾತ್ರ ಕಾಗೆಕಾಲು ಗುಬ್ಬಿಕಾಲು. ಮರುದಿನ ಅವನು ತಂದ ಹಾಳೆಗಳಲ್ಲಿ ಮೊದಲನೆಯ ಪುಟಕ್ಕಿಂತ ಐದನೆಯದು, ಐದನೆಯದಕ್ಕಿಂತ ಹತ್ತನೆಯದು ಕೆಟ್ಟಿತ್ತು. ಕಡೆಯ ಪುಟದಲ್ಲಿ ಲೇಖನಿಯ ಮೊನೆಯು ಕಾಗದವನ್ನೇ ಹರಿದಿತ್ತು. ಅಲಕ್ಷ್ಯವೆಂದು ಬಗೆದು ಗದರಿಸಿದೆವು. ಹುಡುಗನು ಬಲಗೈಯನ್ನು ಮುಂದೆ ಚಾಚಿ, “ಸರ್, ಕೈ ನಾನು ಹೇಳಿದ ಹಾಗೆ ಕೇಳುವುದಿಲ್ಲ” ಎಂದನು. ಕರಿಹಲಗೆಯ ಮೇಲೆ ಬರೆದು ತೋರಿಸೆಂದೆವು. ಸೀಮೆಸುಣ್ಣ ಹಿಡಿದು ಅವನು ಬರೆದ ಅಕ್ಷರಗಳು ದೊಡ್ಡದಾಗಿ, ದುಂಡಗೆ, ಯಾರಾದರೂ ಮೆಚ್ಚುವಂತೆ ಮೂಡಿದುವು! ಅದೇ ಹುಡುಗ, ಅದೇ ಕೈ. ಕಾಗದದ ಮೇಲೆ ಒಂದು ಬಗೆ, ಹಲಗೆಯ ಮೇಲೆ ಇನ್ನೊಂದು ಬಗೆ. ಇದು ಸೋಮಾರಿತನವಲ್ಲವೆಂದು ಆಗ ನಮಗೆ ಹೊಳೆಯಿತು.

ಅಂದಿನಿಂದ ಕೈಯ ವಿಷಯವಾಗಿ ದೊರೆತುದನ್ನೆಲ್ಲ ಓದತೊಡಗಿದೆವು. ಓದಿದುದರಲ್ಲಿ ನಮ್ಮ ಮನಸ್ಸನ್ನು ಹೆಚ್ಚಾಗಿ ಹಿಡಿದುದು ಅಮೆರಿಕ ದೇಶದ ಬ್ಯಾಂಜೊ ವಾದಕರ ಸಂಗತಿ. ಮೂವತ್ತು ನಲವತ್ತು ವರ್ಷ ಒಂದೇ ವಾದ್ಯವನ್ನು ನುಡಿಸಿ ನುರಿತ ಕೈಯು ಒಂದು ದಿನ ಮಾತು ಕೇಳದೆ ಹೋದರೆ ಏನು ಮಾಡಬೇಕು? ಅದನ್ನು ಮತ್ತೆ ದಾರಿಗೆ ತರಲು ಸಾಧ್ಯವೇ? ಕೈದುಡಿಮೆಯಿಂದ ಬಾಳುವ ಎಲ್ಲರಿಗೂ ಉಪಯುಕ್ತವಾದೀತೆಂದು ಈ ವಿಷಯವನ್ನು ನಮ್ಮ ವಾರ್ಷಿಕ ಸಂಚಿಕೆಗಾಗಿ ಆರಿಸಿಕೊಂಡಿದ್ದೇವೆ.

ವಾದ್ಯವೂ ಅದನ್ನು ಮೀಟುವ ಬಗೆಯೂ

ನಮ್ಮ ದೇಶದ ಹಲವೆಡೆ ಬ್ಯಾಂಜೊ ಎಂದೊಡನೆ ಜನರಿಗೆ ನೆನಪಾಗುವುದು ಬೆರಳಚ್ಚಿನ ಯಂತ್ರದಂತೆ ಗುಂಡಿಗಳಿರುವ ಬುಲ್‌ಬುಲ್ ತರಂಗ. ಅದರ ಮೂಲವು ೧೯೧೨ರಲ್ಲಿ ಜಪಾನಿನ ನಗೋಯಾ ನಗರದಲ್ಲಿ ಹುಟ್ಟಿದ ತೈಶೋಗೊತೊ ಎಂಬ ವಾದ್ಯ. ನಾವು ಇಲ್ಲಿ ಹೇಳಹೊರಟ ಬ್ಯಾಂಜೊ ಬೇರೆ. ಆಫ್ರಿಕದಿಂದ ಗುಲಾಮರಾಗಿ ಒಯ್ಯಲ್ಪಟ್ಟ ಜನರು ತಮ್ಮ ನಾಡಿನ ವಾದ್ಯಗಳ ನೆನಪಿನಿಂದ ಕೆರಿಬಿಯನ್ ದ್ವೀಪಗಳಲ್ಲಿಯೂ ಅಮೆರಿಕದಲ್ಲಿಯೂ ಸೋರೆಬುರುಡೆಗೆ ಚರ್ಮವನ್ನು ಬಿಗಿದು, ಹಿಡಿಯೊಂದನ್ನು ಜೋಡಿಸಿ, ತಂತಿ ಕಟ್ಟಿ ನುಡಿಸುತ್ತಿದ್ದರು. ಹದಿನೇಳನೆಯ ಶತಮಾನದ ಪ್ರವಾಸಿಗಳು ಇದನ್ನು ಕಂಡು ಬರೆದಿಟ್ಟಿದ್ದಾರೆ. ಇಂದಿನ ಬ್ಯಾಂಜೊವಿನಲ್ಲಿ ಬುರುಡೆಗೆ ಬದಲಾಗಿ ಮರದ ಬಳೆಯಿದೆ, ಚರ್ಮಕ್ಕೆ ಬದಲಾಗಿ ಸಾಮಾನ್ಯವಾಗಿ ಪ್ಲಾಸ್ಟಿಕ್ಕಿನ ಹೊದಿಕೆಯಿದೆ. ತಂತಿಗಳು ಐದು, ಅವುಗಳಲ್ಲಿ ಐದನೆಯದು ಗಿಡ್ಡ. ನಮ್ಮ ತಂಬೂರಿಯ ಶ್ರುತಿಯಂತೆ ಅದು ಒಂದೇ ಸ್ವರವನ್ನು ನಡುನಡುವೆ ನುಡಿಯುತ್ತಿರುತ್ತದೆ. ಅದನ್ನು ಹೆಬ್ಬೆರಳು ಮೀಟುತ್ತದೆ.

ಈ ವಾದ್ಯವನ್ನು ಮೂರು ಬೆರಳುಗಳಿಂದ ಅತಿ ವೇಗವಾಗಿ ಮೀಟುವ ಕ್ರಮವನ್ನು ಲೋಕಪ್ರಸಿದ್ಧಗೊಳಿಸಿದವರು ಅರ್ಲ್ ಸ್ಕ್ರಗ್ಸ್. ಉತ್ತರ ಕೆರೊಲಿನಾ ಪ್ರಾಂತದಲ್ಲಿ ೧೯೨೪ರಲ್ಲಿ ಜನಿಸಿದ ಇವರು ೧೯೪೫ರ ಡಿಸೆಂಬರಿನಲ್ಲಿ ಬಿಲ್ ಮನ್ರೋ ಅವರ ಮೇಳವನ್ನು ಸೇರಿದರು, ೨೦೧೨ರಲ್ಲಿ ತೀರಿಕೊಂಡರು. ಮೂರು ಬೆರಳಿನ ವಾದನವು ಆ ಪ್ರಾಂತದಲ್ಲಿ ಇವರಿಗಿಂತ ಮೊದಲೇ ಇದ್ದರೂ ಅದನ್ನು ಹದಗೊಳಿಸಿ ನಾಡಿಗೆಲ್ಲ ಮುಟ್ಟಿಸಿದ ಕೀರ್ತಿ ಇವರದು. ಹೆಬ್ಬೆರಳಿಗೆ ಪ್ಲಾಸ್ಟಿಕ್ಕಿನ, ತೋರುಬೆರಳು ಮತ್ತು ನಡುಬೆರಳುಗಳಿಗೆ ಲೋಹದ ಉಗುರುಗಳನ್ನು ತೊಟ್ಟು, ಉಂಗುರದ ಬೆರಳನ್ನೂ ಕಿರುಬೆರಳನ್ನೂ ಹೊದಿಕೆಯ ಮೇಲೆ ಊರಿ, ಒಂದಾದ ಮೇಲೊಂದರಂತೆ ಬೆರಳುಗಳನ್ನು ಉರುಳಿಸುವುದೇ ಈ ಕ್ರಮ. ವೇಗದ ಗತಿನಲ್ಲಿ ಸೆಕೆಂಡಿಗೆ ಹತ್ತರ ಆಸುಪಾಸಿನಲ್ಲಿ ಸ್ವರಗಳು ಬೀಳುತ್ತವೆ.

ವಿದ್ಯಾರ್ಥಿಗಳು ಒಂದು ಲೆಕ್ಕ ಮಾಡಿ ನೋಡಬಹುದು. ಒಬ್ಬ ವಾದಕನು ಅದರ ಅರ್ಧ ವೇಗದಲ್ಲಿ, ಎಂದರೆ ಸೆಕೆಂಡಿಗೆ ೫ ಸ್ವರಗಳಂತೆ, ದಿನಕ್ಕೆ ಒಂದೇ ಗಂಟೆ ನುಡಿಸಿದನೆಂದು ಇಟ್ಟುಕೊಳ್ಳಿ. ದಿನಕ್ಕೆ ೧೮,೦೦೦ ಮೀಟುಗಳಾದುವು. ವರ್ಷಕ್ಕೆ ೩೦೦ ದಿನದಂತೆ ೫೪ ಲಕ್ಷ. ನಲವತ್ತು ವರ್ಷಕ್ಕೆ ೨೧ ಕೋಟಿ ೬೦ ಲಕ್ಷ! ಇದನ್ನು ಮೂರು ಬೆರಳುಗಳಿಗೆ ಸಮನಾಗಿ ಹಂಚಿದರೂ ಒಂದೊಂದರ ಪಾಲಿಗೆ ೭ ಕೋಟಿ ೨೦ ಲಕ್ಷ ಬರುತ್ತದೆ. ಇಷ್ಟು ದುಡಿದ ಬೆರಳು ಒಮ್ಮೆ ಮುನಿದರೆ ಆಶ್ಚರ್ಯವೇನು?

ಬೆರಳು ಆಡುವುದು ಹೇಗೆ?

ಬೆರಳಿನಲ್ಲಿ ಬೆರಳನ್ನಾಡಿಸುವ ಸ್ನಾಯುಗಳೇ ಇಲ್ಲವೆಂದರೆ ಅನೇಕರು ನಂಬಲಾರರು. ಸೂತ್ರದ ಬೊಂಬೆಯಾಟವನ್ನು ನೀವು ನೋಡಿದ್ದೀರಿ. ಬೊಂಬೆ ಕುಣಿಯುವುದು ಕೆಳಗೆ, ಕುಣಿಸುವವನು ಇರುವುದು ಮೇಲೆ, ನಡುವೆ ದಾರ. ನಮ್ಮ ಬೆರಳುಗಳೂ ಹಾಗೆಯೇ. ಅವನ್ನು ಎಳೆಯುವ ಸ್ನಾಯುಗಳು ಮೊಣಕೈಗೂ ಮಣಿಕಟ್ಟಿಗೂ ನಡುವಿನ ತೋಳಿನಲ್ಲಿಯೂ, ಕೆಲವು ಚಿಕ್ಕವು ಅಂಗೈಯಲ್ಲಿಯೂ ಇವೆ. ಅಲ್ಲಿಂದ ಗಟ್ಟಿಯಾದ ಹುರಿಗಳು ಮಣಿಕಟ್ಟನ್ನು ದಾಟಿ ಬೆರಳಿನ ಮೂಳೆಗಳಿಗೆ ಅಂಟಿಕೊಂಡಿವೆ. ಈ ಹುರಿಗಳಿಗೆ ಸ್ನಾಯುರಜ್ಜು ಎಂದು ಹೆಸರು. ಇಡೀ ಆಟದ ಸೂತ್ರಧಾರನು ಮಿದುಳು. ಅವನ ಅಪ್ಪಣೆಯನ್ನು ಕೊಂಡೊಯ್ಯುವವು ನರಗಳು.

ಒಂದು ಪ್ರಯೋಗ ಮಾಡಿರಿ. ಅಂಗೈಯನ್ನು ಮೇಜಿನ ಮೇಲೆ ಕವುಚಿ ಇಟ್ಟು, ನಡುಬೆರಳನ್ನು ಮಾತ್ರ ಒಳಕ್ಕೆ ಮಡಚಿಕೊಳ್ಳಿ. ಈಗ ತೋರುಬೆರಳನ್ನು ಎತ್ತಿರಿ, ಸುಲಭವಾಗಿ ಏಳುತ್ತದೆ. ಕಿರುಬೆರಳೂ ಏಳುತ್ತದೆ. ಆದರೆ ಉಂಗುರದ ಬೆರಳು ಏಳಲು ಒಲ್ಲೆನೆನ್ನುತ್ತದೆ. ತೋರುಬೆರಳಿಗೂ ಕಿರುಬೆರಳಿಗೂ ಎತ್ತುವ ಸ್ನಾಯು ಪ್ರತ್ಯೇಕವಾಗಿ ಒಂದೊಂದಿದೆ. ನಡುಬೆರಳಿಗೂ ಉಂಗುರದ ಬೆರಳಿಗೂ ಹಾಗಿಲ್ಲ, ಅವುಗಳ ಹುರಿಗಳು ಒಂದಕ್ಕೊಂದು ಬೆಸೆದುಕೊಂಡಿವೆ. ಬ್ಯಾಂಜೊ ವಾದಕನು ನಡುಬೆರಳನ್ನು ಬಿಡುವಿಲ್ಲದೆ ಆಡಿಸುತ್ತ ಅದರ ನೆರೆಯ ಉಂಗುರದ ಬೆರಳನ್ನು ಅಲುಗದಂತೆ ಊರಿರಬೇಕು. ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳಲ್ಲಿ ಒಂದನ್ನು ಓಡಿಸಿ ಇನ್ನೊಂದನ್ನು ನಿಲ್ಲಿಸಿದಂತೆ ಇದು. ಹೊಸದಾಗಿ ಕಲಿಯುವವರ ಉಂಗುರದ ಬೆರಳು ಮೇಲೇಳುವುದಕ್ಕೆ ಅಂಗರಚನೆಯೂ ಒಂದು ಕಾರಣ.

ಮುನಿಸಿನ ಐದು ಬಗೆಗಳು

ಮೀಟುವ ಬೆರಳು ಕೆಟ್ಟಿತೆಂದು ಎಲ್ಲರೂ ಒಂದೇ ಮಾತಿನಲ್ಲಿ ಹೇಳುವುದುಂಟು. ಆದರೆ ಕೇಡು ಒಂದೇ ಬಗೆಯದಲ್ಲ. ಬಗೆಯನ್ನು ಅರಿಯದೆ ಮಾಡುವ ಉಪಚಾರವು ಕತ್ತಲೆಯಲ್ಲಿ ಎಸೆದ ಕಲ್ಲಿನಂತೆ.

ಮೊದಲನೆಯದು ಹುರಿಗಳ ಬಳಲಿಕೆ. ಸ್ನಾಯುರಜ್ಜುಗಳು ಕೆಲವೆಡೆ ಒರೆಯೊಳಗಿನ ಕತ್ತಿಯಂತೆ ಕೊಳವೆಗಳಲ್ಲಿ ಜಾರುತ್ತವೆ. ಅತಿಯಾದ ದುಡಿಮೆಯಿಂದ ಇವು ಕೆರಳಿದರೆ ನೋವು, ಊತ ಕಾಣುತ್ತವೆ. ಹೆಬ್ಬೆರಳಿನ ಕಡೆಯ ಮಣಿಕಟ್ಟು ನೋಯಬಹುದು. ಮಡಚಿದ ಬೆರಳು ಸಿಕ್ಕಿಕೊಂಡು ಟಕ್ಕೆಂದು ಬಿಚ್ಚಿಕೊಳ್ಳಬಹುದು. ನಾಳೆ ಕಛೇರಿಯಿದೆಯೆಂದು ಇಂದು ಒಮ್ಮೆಲೆ ನಾಲ್ಕು ಗಂಟೆ ಸಾಧನೆ ಮಾಡುವವರಿಗೆ ಈ ಬಾಧೆ ಬರುವುದುಂಟು. ಕೆಲಸ ತಗ್ಗಿಸಿ ವಿಶ್ರಾಂತಿ ಕೊಟ್ಟು, ಆಮೇಲೆ ಸ್ವಲ್ಪಸ್ವಲ್ಪವಾಗಿ ಕೈಯನ್ನು ಪಳಗಿಸುವುದೇ ಇದಕ್ಕೆ ಮೊದಲ ಮದ್ದು.

ಎರಡನೆಯದು ನರದ ಒತ್ತಡ. ಮಣಿಕಟ್ಟಿನಲ್ಲಿ ಹಿಂದೆ ಮೂಳೆ, ಮುಂದೆ ಬಿಗಿಯಾದ ಪಟ್ಟಿ ಇರುವ ಒಂದು ಇಕ್ಕಟ್ಟಾದ ಸುರಂಗವಿದೆ. ಅದರಲ್ಲಿ ಒಂಬತ್ತು ಹುರಿಗಳೂ ಒಂದು ನರವೂ ಒತ್ತೊತ್ತಾಗಿ ಸಾಗುತ್ತವೆ. ಮಣಿಕಟ್ಟನ್ನು ಬಹಳ ಬಗ್ಗಿಸಿ ಹಿಡಿದಾಗ ಒಳಗಿನ ಒತ್ತಡ ಏರಿ ನರವು ಜಜ್ಜಿದಂತಾಗುತ್ತದೆ. ಆಗ ಹೆಬ್ಬೆರಳು, ತೋರುಬೆರಳು, ನಡುಬೆರಳುಗಳೂ ಉಂಗುರದ ಬೆರಳಿನ ಅರ್ಧವೂ ಜೋಮು ಹಿಡಿಯುತ್ತವೆ. ಬ್ಯಾಂಜೊ ಮೀಟುವ ಮೂರು ಬೆರಳುಗಳೂ ಇವೇ ಎಂಬುದನ್ನು ಓದುಗರು ಗಮನಿಸಬೇಕು. ನಡುರಾತ್ರಿಯಲ್ಲಿ ಜುಮುಗುಟ್ಟಿ ಎಚ್ಚರವಾಗಿ, ಕೈ ಕೊಡವಿದರೆ ಹಿತವಾಗುವುದು ಇದರ ಹೆಗ್ಗುರುತು. ರಾತ್ರಿ ಮಣಿಕಟ್ಟು ನೇರವಾಗಿರುವಂತೆ ಪಟ್ಟಿ ಕಟ್ಟಿಕೊಳ್ಳುವುದರಿಂದ ಅನೇಕರಿಗೆ ಶಮನವಾಗುತ್ತದೆ. ಆಗದಿದ್ದರೆ ಚುಚ್ಚುಮದ್ದು, ಅದೂ ಸಾಲದಿದ್ದರೆ ಮುಂದಿನ ಪಟ್ಟಿಯನ್ನು ಬಿಡಿಸುವ ಚಿಕ್ಕ ಶಸ್ತ್ರಚಿಕಿತ್ಸೆ ಉಂಟು. ವರ್ಷಗಟ್ಟಲೆ ಸಹಿಸಿಕೊಂಡು ಕುಳಿತರೆ ಹೆಬ್ಬೆರಳಿನ ಬುಡದ ಮಾಂಸಖಂಡವೇ ಸೊರಗುತ್ತದೆ.

ಮೂರನೆಯದು ಕೀಲುಗಳ ಸವೆತ. ವಯಸ್ಸಾದಂತೆ ಹೆಬ್ಬೆರಳಿನ ಬುಡದ ಕೀಲೂ ಬೆರಳುಗಳ ತುದಿಗೀಲುಗಳೂ ಸವೆದು ಬಿಗಿಯಾಗುತ್ತವೆ. ಸವೆದುದನ್ನು ಹಿಂದಿನಂತೆ ಮಾಡಲಾಗದಿದ್ದರೂ ಬಿಸಿನೀರಿನಲ್ಲಿ ಕೈ ಅದ್ದಿ ಬೆಚ್ಚಗಾಗಿಸಿಕೊಂಡು ನುಡಿಸುವುದು, ಮೆಲುವಾಗಿ ಮೀಟುವುದು, ತೆಳುವಾದ ತಂತಿಗಳನ್ನು ಕಟ್ಟುವುದು ಮುಂತಾದ ಉಪಾಯಗಳಿಂದ ಬಹುಕಾಲ ನುಡಿಸಬಹುದು.

ನಾಲ್ಕನೆಯದು ನಡುಕ. ಕೈಯನ್ನು ಕೆಲಸಕ್ಕೆ ತೊಡಗಿಸಿದಾಗ ನಡುಗುವುದು ಒಂದು ಜಾತಿ. ಇದು ಕೆಲವು ಮನೆತನಗಳಲ್ಲಿ ವಂಶಪಾರಂಪರ್ಯವಾಗಿ ಬರುತ್ತದೆ. ಕೈ ಸುಮ್ಮನೆ ತೊಡೆಯ ಮೇಲಿರುವಾಗ ನಡುಗುವುದು ಇನ್ನೊಂದು ಜಾತಿ; ಅದು ಪಾರ್ಕಿನ್‌ಸನ್ ರೋಗದ ಲಕ್ಷಣವಾಗಿರಬಹುದು. ಎರಡನ್ನೂ ವೈದ್ಯರೇ ಪರೀಕ್ಷಿಸಬೇಕು. ಎಡ್ಡಿ ಆಡ್‌ಕಾಕ್ ಎಂಬ ಹೆಸರಾಂತ ಬ್ಯಾಂಜೊ ವಾದಕರಿಗೆ ಮೊದಲನೆಯ ಜಾತಿಯ ನಡುಕ ಬಂದು, ಜೀವಮಾನದ ವಿದ್ಯೆ ಕೈತಪ್ಪುವಂತಾಯಿತು. ೨೦೦೮ರಲ್ಲಿ, ತಮ್ಮ ೭೦ನೆಯ ವಯಸ್ಸಿನಲ್ಲಿ, ಅವರು ನ್ಯಾಶ್‌ವಿಲ್ ನಗರದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾನಿಲಯದ ವೈದ್ಯಾಲಯದಲ್ಲಿ ಮಿದುಳಿನ ಶಸ್ತ್ರಚಿಕಿತ್ಸೆಗೆ ಒಪ್ಪಿದರು. ನಡುಕಕ್ಕೆ ಸಂಬಂಧಿಸಿದ ಸ್ಥಾನದಲ್ಲಿ ಸೂಕ್ಷ್ಮವಾದ ತಂತಿಯನ್ನಿಟ್ಟು, ಎದೆಯ ಚರ್ಮದಡಿ ಹುದುಗಿಸಿದ ಯಂತ್ರದಿಂದ ಸಣ್ಣ ವಿದ್ಯುತ್ತನ್ನು ಹಾಯಿಸುವುದು ಆ ಚಿಕಿತ್ಸೆಯ ಕ್ರಮ. ಮಿದುಳಿಗೆ ತನ್ನದೇ ನೋವಿನ ಅರಿವಿಲ್ಲ. ಆದುದರಿಂದ ರೋಗಿಯನ್ನು ಎಚ್ಚರವಾಗಿಟ್ಟು ಈ ಕಾರ್ಯವನ್ನು ಮಾಡಬಹುದು. ತಂತಿಯು ತಕ್ಕ ಸ್ಥಾನದಲ್ಲಿದೆಯೇ ಎಂದು ತಿಳಿಯಲು ಆಡ್‌ಕಾಕರು ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆಯೇ ಬ್ಯಾಂಜೊ ನುಡಿಸಿದರು! ಆಮೇಲೆ ಅವರು ವೇದಿಕೆಗೂ ಮರಳಿದರು. ಎಲ್ಲರಿಗೂ ಈ ಚಿಕಿತ್ಸೆ ಬೇಕಾಗದು. ಅನೇಕರಿಗೆ ಮಾತ್ರೆಗಳೇ ಸಾಕಾಗುತ್ತವೆ.

ನೋವಿಲ್ಲದ ಅವಿಧೇಯತೆ

ಐದನೆಯದು ಎಲ್ಲಕ್ಕಿಂತ ವಿಚಿತ್ರವಾದುದು. ಇದರಲ್ಲಿ ಸಾಮಾನ್ಯವಾಗಿ ನೋವಿಲ್ಲ, ಊತವಿಲ್ಲ, ಜೋಮಿಲ್ಲ. ವಾದ್ಯವನ್ನು ಹಿಡಿದೊಡನೆ ತೋರುಬೆರಳೋ ನಡುಬೆರಳೋ ತಾನಾಗಿ ಅಂಗೈಯತ್ತ ಮಡಚಿಕೊಳ್ಳುತ್ತದೆ, ಇಲ್ಲವೆ ಕಡ್ಡಿಯಂತೆ ಚಾಚಿಕೊಳ್ಳುತ್ತದೆ. ವಾದ್ಯವನ್ನು ಕೆಳಗಿಟ್ಟರೆ ಅದೇ ಬೆರಳು ಅಂಗಿಯ ಗುಂಡಿ ಹಾಕುತ್ತದೆ, ಅನ್ನ ಕಲಸುತ್ತದೆ, ಎಲ್ಲವನ್ನೂ ಮಾಡುತ್ತದೆ. ನೋಡಿದವರು ಇದನ್ನು ಅಭ್ಯಾಸದ ಕೊರತೆಯೆಂದೋ ಮನಸ್ಸಿನ ಅಂಜಿಕೆಯೆಂದೋ ಹೇಳಿಬಿಡುತ್ತಾರೆ. ವೈದ್ಯರು ಇದನ್ನು ಡಿಸ್ಟೋನಿಯಾ ಎಂದು ಕರೆಯುತ್ತಾರೆ. ವೃತ್ತಿಯ ಸಂಗೀತಗಾರರಲ್ಲಿ ಸುಮಾರು ನೂರಕ್ಕೆ ಒಬ್ಬರಿಗೆ ಇದು ಬರುತ್ತದೆಂದು ಅಂದಾಜು.

ಇದರ ಮೂಲವು ಬೆರಳಿನಲ್ಲಿಲ್ಲ, ಮಿದುಳಿನಲ್ಲಿದೆ. ಮಿದುಳಿನಲ್ಲಿ ಒಂದೊಂದು ಬೆರಳಿಗೂ ಒಂದೊಂದು ನೆಲೆಯುಂಟು. ಗದ್ದೆಗಳ ನಡುವೆ ಬದುವಿದ್ದಂತೆ ಅವು ಬೇರೆಬೇರೆಯಾಗಿವೆ. ಒಂದೇ ಚಲನೆಯನ್ನು ಅತಿ ವೇಗದಿಂದ, ಅತಿ ಬಿಗಿಯಿಂದ, ವರ್ಷಾನುಗಟ್ಟಲೆ ಮಾಡಿದ ಕೆಲವರಲ್ಲಿ ಈ ಬದುಗಳು ಅಳಿಸಿ ಒಂದು ಬೆರಳಿನ ನೆಲೆಯು ಇನ್ನೊಂದರ ಮೇಲೆ ಚಾಚಿಕೊಂಡಿರುವುದನ್ನು ವಿಜ್ಞಾನಿಗಳು ಕಂಡಿದ್ದಾರೆ. ಬದು ಒಡೆದ ಗದ್ದೆಯಲ್ಲಿ ಒಂದಕ್ಕೆ ಬಿಟ್ಟ ನೀರು ಪಕ್ಕದ್ದಕ್ಕೂ ನುಗ್ಗುವುದಷ್ಟೆ? ಹಾಗೆಯೇ ಒಂದು ಬೆರಳಿಗೆ ಕಳುಹಿದ ಅಪ್ಪಣೆ ನೆರೆಯ ಬೆರಳನ್ನೂ ಎಳೆಯುತ್ತದೆ. ಆಗ ಛಲದಿಂದ ಸಾಧನೆಯನ್ನು ಇಮ್ಮಡಿಸುವುದೆಂದರೆ ಒಡೆದ ಬದುವಿಗೆ ಇನ್ನಷ್ಟು ನೀರು ಬಿಟ್ಟಂತೆ. ನಮ್ಮ ಹತ್ತು ಪುಟದ ಕಾಪಿಯು ನೆನಪಾಗಿ ಇದನ್ನು ಓದುವಾಗ ನಾವು ನಾಚಿದೆವು.

ಈ ಬಾಧೆ ಹೊಸದಲ್ಲ. ಇಟಲಿಯ ವೈದ್ಯ ರಾಮಜ್ಜೀನಿಯು ವೃತ್ತಿಜನ್ಯ ರೋಗಗಳನ್ನು ಕುರಿತ ತನ್ನ ಗ್ರಂಥದ ೧೭೧೩ರ ಆವೃತ್ತಿಯಲ್ಲಿ ಬರವಣಿಗೆಯಿಂದ ಜೀವಿಸುತ್ತಿದ್ದ ಒಬ್ಬನನ್ನು ಕುರಿತು ಹೇಳುತ್ತಾನೆ. ಅವನ ಬಲಗೈ ಕೆಟ್ಟಿತು. ಎಡಗೈಯಿಂದ ಬರೆಯಲು ಕಲಿತನು. ಕೆಲಕಾಲದಲ್ಲಿ ಅದೂ ಕೆಟ್ಟಿತು. ಜರ್ಮನಿಯ ರಾಬರ್ಟ್ ಶೂಮನ್ ಪಿಯಾನೊ ವಾದಕನಾಗಬೇಕೆಂದು ಹಂಬಲಿಸಿದವನು. ಇಪ್ಪತ್ತರ ಹರೆಯದಲ್ಲಿ ಬಲಗೈಯ ನಡುಬೆರಳು ಅವನ ಹಿಡಿತ ತಪ್ಪಿತು. ಯಂತ್ರವೊಂದನ್ನು ಕಟ್ಟಿ ಬೆರಳನ್ನು ಪಳಗಿಸಲು ಹೋದುದು ಫಲಿಸಲಿಲ್ಲ. ವಾದನವನ್ನು ಬಿಟ್ಟು ಸಂಗೀತ ರಚನೆಗೆ ತೊಡಗಿ ಅದರಲ್ಲಿ ಅಮರನಾದನು. ಅವನಿಗೆ ಇದ್ದುದು ಡಿಸ್ಟೋನಿಯಾ ಎಂದು ಇಂದಿನ ಅನೇಕ ವೈದ್ಯರ ಅಭಿಪ್ರಾಯ. ಅಮೆರಿಕದ ಪಿಯಾನೊ ವಾದಕ ಲಿಯಾನ್ ಫ್ಲೈಶರ್ (೧೯೨೮–೨೦೨೦) ಅವರ ಬಲಗೈ ಬೆರಳುಗಳು ೧೯೬೦ರ ದಶಕದ ನಡುವೆ ಮಡಚಿಕೊಳ್ಳತೊಡಗಿದುವು. ಎದೆಗೆಡದೆ ಅವರು ಎಡಗೈಗೆಂದೇ ರಚಿತವಾದ ಕೃತಿಗಳನ್ನು ನುಡಿಸಿದರು, ಶಿಷ್ಯರಿಗೆ ಪಾಠ ಹೇಳಿದರು, ವಾದ್ಯವೃಂದಗಳನ್ನು ನಡೆಸಿದರು. ಸುಮಾರು ಮೂವತ್ತು ವರ್ಷಗಳ ಮೇಲೆ, ಬಿಗಿದ ಸ್ನಾಯುವನ್ನು ಕೆಲವು ತಿಂಗಳ ಮಟ್ಟಿಗೆ ಸಡಿಲಿಸುವ ಬೊಟುಲಿನಂ ಎಂಬ ಚುಚ್ಚುಮದ್ದಿನ ಮತ್ತು ಅಂಗಮರ್ದನದ ನೆರವಿನಿಂದ ಎರಡೂ ಕೈಗಳಿಂದ ನುಡಿಸುವಂತಾಗಿ, ೨೦೦೪ರಲ್ಲಿ ‘ಎರಡು ಕೈಗಳು’ ಎಂಬರ್ಥದ ಹೆಸರಿನ ಧ್ವನಿಮುದ್ರಿಕೆಯನ್ನು ಹೊರತಂದರು.

ಮರಳಿ ಕಲಿಯುವ ದಾರಿ

ಹೀಗೆ ಕೈ ಮುನಿದ ಬ್ಯಾಂಜೊ ವಾದಕನು ಏನು ಮಾಡಬೇಕು? ಮೊದಲು ಮಾಡಬೇಕಾದುದು ನಿಲ್ಲಿಸುವುದು. ಕೆಟ್ಟ ಚಲನೆಯನ್ನು ಎಷ್ಟು ಸಲ ಮಾಡಿದರೆ ಅಷ್ಟು ಅದು ಬೇರೂರುತ್ತದೆ. ಎರಡನೆಯದಾಗಿ ನರರೋಗಗಳನ್ನು ಬಲ್ಲ ವೈದ್ಯರನ್ನು ಕಾಣಬೇಕು. ಮೂರನೆಯದಾಗಿ, ಅಕ್ಷರಾಭ್ಯಾಸದ ಮಗುವಿನಂತೆ ಮೊದಲಿನಿಂದ ಕಲಿಯಲು ಒಪ್ಪಬೇಕು. ನುರಿತವನಿಗೆ ಇದು ಬಲು ಕಷ್ಟ. ನಿನ್ನೆಯವರೆಗೆ ಸೆಕೆಂಡಿಗೆ ಹತ್ತು ಸ್ವರ ನುಡಿಸಿದವನು ಇಂದು ಬೆರಳು ಸಡಿಲವಾಗಿ ಆಡುವಷ್ಟು ನಿಧಾನದಲ್ಲಿ, ಸೆಕೆಂಡಿಗೆ ಒಂದೇ ಸ್ವರವನ್ನು, ಕನ್ನಡಿಯ ಮುಂದೆ ಕುಳಿತು ನುಡಿಸಬೇಕು. ಬೆರಳು ಬಿಗಿಯಿತೆಂದು ಕಂಡರೆ ಅಲ್ಲಿಗೇ ನಿಲ್ಲಿಸಬೇಕು. ಹತ್ತು ನಿಮಿಷ ಸರಿಯಾಗಿ ಮಾಡಿದುದು ಎರಡು ಗಂಟೆ ತಪ್ಪಾಗಿ ಮಾಡಿದುದಕ್ಕಿಂತ ಮೇಲು. ವಾರಗಳಲ್ಲಿ ಆಗುವ ಕೆಲಸವಲ್ಲ ಇದು. ತಿಂಗಳುಗಳು, ಕೆಲವರಿಗೆ ವರ್ಷಗಳು ಹಿಡಿಯುತ್ತವೆ. ಎಲ್ಲರೂ ಪೂರ್ಣವಾಗಿ ಗುಣವಾಗುತ್ತಾರೆಂದು ಹೇಳುವಂತಿಲ್ಲ. ಆದರೆ ಸಾಕಷ್ಟು ಜನ ಸುಧಾರಿಸುತ್ತಾರೆ.

ಮಿದುಳಿಗೆ ಬರುವ ಸ್ಪರ್ಶವನ್ನು ಬದಲಿಸಿದರೆ ಕೆಲವೊಮ್ಮೆ ಹಳೆಯ ತಪ್ಪು ದಾರಿ ಮರೆಯುತ್ತದೆ. ತೆಳುವಾದ ಕೈಗವಸನ್ನು ತೊಟ್ಟು ನುಡಿಸಿದಾಗ ಕೆಲವರ ಬೆರಳು ವಿಧೇಯವಾಗುತ್ತದೆ. ಬೇರೆ ಅಳತೆಯ ಲೋಹದುಗುರು, ಮಣಿಕಟ್ಟಿನ ಬೇರೆ ಕೋನ, ವಾದ್ಯದ ಭಾರವನ್ನು ಹೆಗಲಿಗೆ ವಹಿಸುವ ಪಟ್ಟಿ, ಇವೂ ನೆರವಾಗಬಹುದು.

ಮೂರು ಬೆರಳಿನ ದಾರಿ ಮುಚ್ಚಿಯೇ ಹೋದರೂ ಬ್ಯಾಂಜೊವಿನಲ್ಲಿ ಇತರ ದಾರಿಗಳುಂಟು. ಹೆಬ್ಬೆರಳು ಮತ್ತು ತೋರುಬೆರಳು ಎರಡರಿಂದಲೇ ನುಡಿಸುವ ಕ್ರಮವೊಂದಿದೆ. ಇನ್ನೊಂದು ‘ಕ್ಲಾಹ್ಯಾಮರ್’ ಎಂಬ ಪುರಾತನ ಕ್ರಮ. ಇದರಲ್ಲಿ ಬೆರಳುಗಳು ಬೇರೆಬೇರೆಯಾಗಿ ಮೀಟುವುದಿಲ್ಲ. ಅರೆಮಡಚಿದ ಕೈ ಒಟ್ಟಾಗಿ ಕೆಳಕ್ಕೆ ಬಂದು, ಒಂದು ಬೆರಳಿನ ಉಗುರಿನ ಬೆನ್ನು ತಂತಿಯನ್ನು ತಟ್ಟುತ್ತದೆ. ಹೆಬ್ಬೆರಳು ಗಿಡ್ಡ ತಂತಿಯನ್ನು ಮೀಟುತ್ತದೆ. ಪಶ್ಚಿಮ ಆಫ್ರಿಕದ ಜೋಲಾ ಜನರು ತಮ್ಮ ಅಕೊಂಟಿಂಗ್ ವಾದ್ಯವನ್ನು ಇದೇ ಬಗೆಯಲ್ಲಿ ಕೆಳಮುಖವಾಗಿ ತಟ್ಟಿ ನುಡಿಸುತ್ತಾರೆ. ಸಣ್ಣ ಚಲನೆಯ ಭಾರವನ್ನು ಬೆರಳಿನಿಂದ ಇಳಿಸಿ ಕೈಗೂ ತೋಳಿಗೂ ವಹಿಸುವುದೇ ಇದರ ಅನುಕೂಲ. ನಮ್ಮ ಎಂಟನೆಯ ತರಗತಿಯ ಹುಡುಗನು ಕರಿಹಲಗೆಯ ಮೇಲೆ ಮಾಡಿದುದೂ ಇದನ್ನೇ. ಕಾಗದದ ಮೇಲೆ ಬೆರಳು ಬರೆಯುತ್ತದೆ. ಹಲಗೆಯ ಮೇಲೆ ತೋಳು ಬರೆಯುತ್ತದೆ. ಅವನಿಗಿದ್ದುದು ರೋಗವಲ್ಲ, ಪೆನ್ನನ್ನು ಪ್ರಾಣ ಹೋಗುವಂತೆ ಅದುಮಿ ಹಿಡಿಯುವ ಅಭ್ಯಾಸ. ದಪ್ಪನೆಯ ಪೆನ್ನನ್ನು ಕೊಡಿಸಿ, ತೋಳನ್ನು ಮೇಜಿನ ಮೇಲೆ ಸರಿಯಾಗಿ ಇರಿಸಿ, ದಿನಕ್ಕೆ ಐದೇ ಸಾಲು ಮೆಲ್ಲಗೆ ಬರೆಯಿಸಿದೆವು. ಒಂದು ವರ್ಷದಲ್ಲಿ ಅವನ ಬರವಣಿಗೆ ಓದುವಂತಾಯಿತು. ಹತ್ತು ಪುಟದ ಶಿಕ್ಷೆಯನ್ನು ಅಂದೇ ಬಿಟ್ಟೆವು.

ಕೆಲವು ಹಿತವಚನಗಳು

ಈ ಲೇಖನವನ್ನು ಓದುವ ತಾಯ್ತಂದೆಗಳಲ್ಲಿ ಬ್ಯಾಂಜೊ ನುಡಿಸುವವರು ಇರಲಿಕ್ಕಿಲ್ಲ. ಆದರೆ ನಮ್ಮ ಈ ಕಾಸರಗೋಡು ಸೀಮೆಯಲ್ಲಿ ಬೀಡಿ ಕಟ್ಟಿ, ಅಡಿಕೆ ಸುಲಿದು, ಬಟ್ಟೆ ಹೊಲಿದು ಮಕ್ಕಳನ್ನು ಓದಿಸಿದ ತಾಯಂದಿರು ಎಷ್ಟೋ ಮಂದಿ. ದಿನವಿಡೀ ಒಂದೇ ಬೆರಳಿನ ಒಂದೇ ಚಲನೆಯಿಂದ ಆಗುವ ಕೇಡು ವಾದಕನಿಗೂ ಅವರಿಗೂ ಸಮಾನ. ಆದುದರಿಂದ ಎಲ್ಲರಿಗೂ ಸಲ್ಲುವ ನಾಲ್ಕು ಮಾತುಗಳನ್ನು ಇಲ್ಲಿ ಕೂಡಿಸುತ್ತೇವೆ.

ಕೆಲಸಕ್ಕೆ ಮೊದಲು ಕೈಯನ್ನು ಬೆಚ್ಚಗೆ ಮಾಡಿಕೊಂಡು ಬೆರಳುಗಳನ್ನು ಮೆಲ್ಲಗೆ ಮಡಚಿ ಬಿಡಿಸಬೇಕು. ಅರ್ಧ ಗಂಟೆಗೊಮ್ಮೆ ಕೆಲನಿಮಿಷ ಕೈಗೆ ಬಿಡುವು ಕೊಡಬೇಕು. ಮಣಿಕಟ್ಟನ್ನು ಆದಷ್ಟು ನೇರವಾಗಿ ಇಡಬೇಕು. ಹಿಡಿದುದನ್ನು ಬೀಳದಷ್ಟು ಮಾತ್ರ ಬಿಗಿಯಾಗಿ ಹಿಡಿಯಬೇಕು. ಕೆಲಸವನ್ನಾಗಲಿ ಸಾಧನೆಯನ್ನಾಗಲಿ ಒಂದೇ ದಿನದಲ್ಲಿ ಇಮ್ಮಡಿಸಬಾರದು. ನೋವು ಬಂದರೆ ಅದನ್ನು ಗೆಲ್ಲುತ್ತೇನೆಂದು ಹಟ ತೊಡಬಾರದು. ಎರಡು ವಾರ ಕಳೆದರೂ ತಗ್ಗದ ನೋವು, ರಾತ್ರಿ ಎಚ್ಚರಗೊಳಿಸುವ ಜೋಮು, ವಸ್ತುಗಳು ಕೈಜಾರಿ ಬೀಳುವುದು, ನಡುಕ, ಇವು ಕಂಡರೆ ವೈದ್ಯರಲ್ಲಿಗೆ ಹೋಗಬೇಕು. ಕೈ ಹಠಾತ್ತಾಗಿ ಸೋತು, ಅದರೊಂದಿಗೆ ಬಾಯಿ ಸೊಟ್ಟಗಾಗುವುದು, ಮಾತು ತೊದಲುವುದು ಕಂಡರೆ ಒಂದು ನಿಮಿಷವನ್ನೂ ಕಳೆಯದೆ ಆಸ್ಪತ್ರೆಗೆ ಒಯ್ಯಬೇಕು.

ಮಕ್ಕಳೇ, ಅಭ್ಯಾಸವನ್ನು ನಾವು ಎಂದಿಗೂ ನಿಂದಿಸುವುದಿಲ್ಲ. ಅಭ್ಯಾಸವಿಲ್ಲದೆ ವಿದ್ಯೆಯಿಲ್ಲ, ಸ್ಕ್ರಗ್ಸ್ ಅವರಿಗೂ ಇರಲಿಲ್ಲ, ನಿಮಗೂ ಇಲ್ಲ. ಆದರೆ ಕೈ ಕಲಿಯುವುದು ಎಂದರೆ ಮಿದುಳು ಕಲಿಯುವುದು. ನಾವು ಸರಿಯನ್ನು ಮಾಡಿದರೆ ಅದು ಸರಿಯನ್ನು ಕಲಿಯುತ್ತದೆ, ತಪ್ಪನ್ನು ಮಾಡಿದರೆ ತಪ್ಪನ್ನೂ ಅಷ್ಟೇ ಶ್ರದ್ಧೆಯಿಂದ ಕಲಿಯುತ್ತದೆ. ತಪ್ಪನ್ನು ಕಲಿತ ಕೈಯನ್ನು ತಿದ್ದಲು ಬೆದರಿಕೆ ಬೇಡ, ನಿಧಾನ ಬೇಕು. ಗಾದೆಯ ಎರಡನೆಯ ಅರ್ಧವನ್ನೂ ಮರೆಯಬೇಡಿರಿ. ಕೈಯೋ ಕಣ್ಣೋ ಕಿವಿಯೋ ನಿಮ್ಮ ಮಾತು ಕೇಳದೆ ಹೋದರೆ ನರಳುತ್ತ ಕುಳಿತುಕೊಳ್ಳಬೇಡಿ. ಆ ಹುಡುಗನು ಮಾಡಿದಂತೆ ನೇರವಾಗಿ ಬಂದು ನಿಮ್ಮ ತಾಯ್ತಂದೆಗಳಿಗೂ ಉಪಾಧ್ಯಾಯರಿಗೂ ಹೇಳಿರಿ. ಕೇಳುವ ಕರ್ತವ್ಯ ನಮ್ಮದು.